ಮನಃಪೂರ್ವಕವಾಗಿ ಎಂಬಲ್ಲಿ

"ಯಾರ ಒತ್ತಾಯವೂ ಇಲ್ಲದೆ, ಮನಃಪೂರ್ವಕವಾಗಿ, ಮನೆಯಲ್ಲಿ ನನಗಿರುವ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟಿರುತ್ತೇನೆ," ಎಂದು ಓದಿ ಮುಗಿಸಿದ ಪತ್ರ ಬರಹಗಾರರು ಕಾಗದವನ್ನು ಅಕ್ಕನ ಕಡೆ ತಿರುಗಿಸಿ ಪೆನ್ನು ಕೊಟ್ಟರು.

ಅಕ್ಕ ಪೆನ್ನು ಹಿಡಿದಳು, ಸಹಿ ಹಾಕಲಿಲ್ಲ. ಪಕ್ಕದಲ್ಲಿ ಕೂತಿದ್ದ ತಮ್ಮ ಗಡಿಯಾರ ನೋಡಿಕೊಂಡ. ಕನ್ನಡಕದಂಗಡಿಗೆ ಬೀಗ ಹಾಕಿ ಬಂದಿದ್ದ.

"ಒತ್ತಾಯ ಇಲ್ಲ, ಅದು ಸರಿ. ಆಮೇಲಿಂದು ಏನು?" ಎಂದಳು ಅಕ್ಕ.

"ಮನಸಾರೆ ಅಂತ ಅರ್ಥಮ್ಮ. ಎಲ್ಲರ ಪತ್ರದಲ್ಲೂ ಇರುತ್ತೆ."

"ಹಾಗಾದ್ರೆ ಅದೊಂದನ್ನ ಹೊಡೆದುಹಾಕಿ. ಸಹಿ ಮಾಡ್ತೀನಿ."

ತಮ್ಮನಿಗೆ ಮುಖಕ್ಕೆ ಹೊಡೆದಂತಾಯಿತು. ಅಕ್ಕ ಎಂದೂ ಯಾವುದಕ್ಕೂ ಇಲ್ಲ ಎಂದವಳಲ್ಲ. ಆಸ್ಪತ್ರೆಯಲ್ಲಿ ಹಗಲು ಪಾಳಿ ಮುಗಿಸಿ ಬಂದು, ಹಿಂದಿನ ಚಿಕ್ಕ ರೂಮಿನಲ್ಲಿ ಹಾಸಿಗೆ ಹಿಡಿದಿದ್ದ ಅಮ್ಮನನ್ನು ನಾಲ್ಕು ವರ್ಷ ನೋಡಿಕೊಂಡವಳು. ಅಮ್ಮ ಹೋದಮೇಲೆ ಆ ರೂಮಿನ ತುಂಬ ಅವನ ಫ್ರೇಮುಗಳ ಪೆಟ್ಟಿಗೆ.

"ಕೊಡೋಕೆ ಇಷ್ಟ ಇಲ್ವಾ, ಅಕ್ಕಾ?"

"ಇಷ್ಟ ಇದೆಯೋ ಇಲ್ಲವೋ ನಂಗೇ ಗೊತ್ತಿಲ್ಲ ಕಣೋ. ನೀನು ಸಹಿ ಹಾಕೋಕೆ ಬಾ ಅಂತ ಫೋನ್ ಮಾಡಿದೆ. ಕೊಡ್ತೀಯಾ ಅಂತ ಎಲ್ಲಿ ಕೇಳಿದೆ?"

ಬರಹಗಾರರು ಮೇಜಿನ ಖಾನೆ ಎಳೆದು ಏನನ್ನೋ ಹುಡುಕತೊಡಗಿದರು. ತಮ್ಮ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡ.

"ತಪ್ಪಾಯ್ತು. ಈಗ ಕೇಳ್ತೀನಿ. ಮನೆ ನಂಗೆ ಬಿಟ್ಟುಕೊಡ್ತೀಯಾ?"

ಅಕ್ಕ ಸೆರಗಿನ ತುದಿಯಲ್ಲಿದ್ದ ದಾರದ ಎಳೆಯೊಂದನ್ನು ಕಿತ್ತಳು.

"ಹಿಂದಿನ ರೂಮು ಬಿಟ್ಟು," ಎಂದಳು. "ಅದು ನಂಗೆ ಬೇಕು. ವಾಸಕ್ಕೇನೂ ಬರಲ್ಲ. ಬೇಕು ಅಷ್ಟೆ."

"ಇರಲಿ. ಪೆಟ್ಟಿಗೆ ಎಲ್ಲ ಇವತ್ತೇ ತೆಗೀತೀನಿ."

"ಒಂದು ರೂಮು ಬಿಟ್ಟು ಅಂತಾದ್ರೆ ಪತ್ರಾನೇ ಬೇರೆಯಾಗುತ್ತಮ್ಮ," ಎಂದರು ಬರಹಗಾರರು. ಆದರೂ ಹಳೇ ಹಾಳೆಯನ್ನು ಮಡಿಸಿ ಬುಟ್ಟಿಗೆ ಹಾಕಿದರು. "ಉದ್ದ ಅಗಲ ಎಷ್ಟು?"

ಇಬ್ಬರಿಗೂ ಗೊತ್ತಿರಲಿಲ್ಲ. "ಮಂಚ ಹಾಕಿದ್ರೆ ಬಾಗಿಲು ಪೂರ್ತಿ ತೆಗೆಯೋಕೆ ಬರಲ್ಲ," ಎಂದಳು ಅಕ್ಕ.

"ಹಾಗಂತ ಬರೆಯೋಕಾಗುತ್ತಾ? ಅಳತೆ ತಗೊಂಡು ನಾಳೆ ಬನ್ನಿ. ಆ ಪದ ಏನು ಮಾಡಲಿ?"

"ಜಾಗ ಬಿಟ್ಟಿರಿ. ನಾಳೆ ಹೇಳ್ತೀನಿ."

ಮನೆಗೆ ಹೋಗುವಾಗ ಇಬ್ಬರೂ ಬಡಗಿಯ ಅಂಗಡಿಯಲ್ಲಿ ಅಳತೆ ಟೇಪು ಕೇಳಿ ತಂದರು. ಪೆಟ್ಟಿಗೆಗಳನ್ನೆಲ್ಲ ಹೊರಗೆ ಸಾಗಿಸುವಷ್ಟರಲ್ಲಿ ಇಬ್ಬರ ತಲೆಯೂ ಧೂಳಾಗಿತ್ತು. ಅಕ್ಕ ಕಿಟಕಿಯ ಕೆಳಗೆ ಕೂತು ಟೇಪಿನ ತುದಿಯನ್ನು ಗೋಡೆಗೆ ಒತ್ತಿ ಹಿಡಿದಳು. ತಮ್ಮ ಹಿಂದೆ ಹಿಂದೆ ಸರಿದ.

"ಇನ್ನೂ ಸ್ವಲ್ಪ ಹೋಗೋ."

"ಗೋಡೆ ಬಂತಲ್ಲೇ ಅಕ್ಕ."

"ಇಷ್ಟೇನಾ," ಎಂದಳು ಅವಳು. ಟೇಪನ್ನು ಬಿಡಲಿಲ್ಲ. ಅವನೂ ಅವಸರ ಮಾಡದೆ ಆ ತುದಿಯಲ್ಲಿ ಹಿಡಿದುಕೊಂಡೇ ನಿಂತ.