ಎರಡು ವರ್ಷ ಯಾಕ ಬಿಟ್ಟಿದ್ರಿ?

ಮುನವಳ್ಳಿಯಿಂದ ಸವದತ್ತಿಗೆ ಸೀಟು ತುಂಬದೆ ನಾಸಿರನ ಟಂಟಂ ಆಟೋ ಎಂದೂ ಕದಲಿದ್ದಿಲ್ಲ. ಅವತ್ತು ಮಾತ್ರ ಹಿಂದೆ ಅಕ್ಕ ಮೆಹೆರಾಜ ಒಬ್ಬಳೇ. ಇಂಗ್ಲಿಷ್ ಸಾಲಿಯೊಂದರಲ್ಲಿ ಟೀಚರ್ ಕೆಲಸಕ್ಕೆ ಅವಳ ಇಂಟರ್‌ವ್ಯೂ. ದಾರಿಯುದ್ದಕ್ಕೂ ನಾಸಿರನೇ ಕನ್ನಡಿಯಲ್ಲಿ ಅವಳನ್ನು ನೋಡುತ್ತ, ಸಾಹೇಬನಾಗಿ ಪ್ರಶ್ನೆ ಹಾಕಿದ.

"ಎರಡು ವರ್ಷ ಕೆಲಸ ಯಾಕ ಬಿಟ್ಟಿದ್ರಿ?"

"ಸಾಹೇಬ್ರ, ಮೊದಲ ರಸ್ತಾ ನೋಡಿ ಹೊಡೀರಿ."

ನವಿಲುತೀರ್ಥದ ಇಳಿಜಾರಿನಲ್ಲಿ ಗಾಡಿ ಉರುಳಿ ಸೊಂಟ ಮುರಿದುಕೊಂಡು ಬಿದ್ದ ನಾಸಿರನನ್ನು ಕೆಲಸ ಬಿಟ್ಟು ಬಂದು ಎತ್ತಿ ಕೂರಿಸಿ, ತೊಳೆದು, ತಿನ್ನಿಸಿ, ಮತ್ತೆ ನಡೆಸಿದವಳು ಅವಳು. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು ಅನ್ನುವುದೇ ಇಬ್ಬರ ತಕರಾರು. 'ಬಿಕಾಸ್ ಆಫ್ ಮೈ ಬ್ರದರ್' ಅಂದರೆ ತಪ್ಪೆಲ್ಲ ತಮ್ಮನ ತಲೆಗೆ ಬಂದಂತೆ ಎಂದು ಅವಳೇ ಅದನ್ನು ಕೈಬಿಟ್ಟಿದ್ದಳು. 'ಡ್ಯೂ ಟು ಆನ್ ಆಕ್ಸಿಡೆಂಟ್' ಅಂದುಬಿಡು ಎಂದು ಇವನ ಹಠ. ಅಪಘಾತ ಆಯಿತು, ಮುಗಿಯಿತು, ಮುಂದೆ ಯಾರೂ ಕೆದಕುವುದಿಲ್ಲ. ಏಳನೇ ಇಯತ್ತೆಗೇ ಸಾಲಿ ಬಿಟ್ಟವನಿಗೂ ಅಷ್ಟು ತಿಳಿಯುತ್ತದೆ.

"ಅಪಘಾತ ನನ್ನ ಮನ್ಯಾಗ ಕುಂದರಸಲಿಲ್ಲೋ. ನಾನಽ ಕುಂತೆ," ಅಂದಳು ಮೆಹೆರಾಜ.

ಸಾಲಿಯ ಕಿಟಕಿಯ ಹೊರಗೆ ನಿಂತ ನಾಸಿರನಿಗೆ ಅದೇ ಪ್ರಶ್ನೆ ಕೇಳಿಸಿತು. ಉತ್ತರವೂ ಕೇಳಿಸಿತು: 'ಟು ಲುಕ್ ಆಫ್ಟರ್ ಮೈ ಬ್ರದರ್.' ತಮ್ಮನನ್ನು ನೋಡಿಕೊಳ್ಳಲಿಕ್ಕೆ. ಸಾಲಿಯ ಆಡಳಿತ ಮಂಡಳಿಯ ಅಧ್ಯಕ್ಷರು ಅದನ್ನೇ ಹಿಡಿದರು. ಹಾಗಾದರೆ ನೀವಾಗಿಯೇ ಬಿಟ್ಟಿರಿ, ನಾಳೆ ಅವನು ಮತ್ತೆ ಬಿದ್ದರೆ ನಮ್ಮ ಮಕ್ಕಳನ್ನೂ ನಡುವೆ ಬಿಟ್ಟು ಹೋಗುತ್ತೀರೇನು ಎಂದು ಕನ್ನಡದಲ್ಲೇ ಕೇಳಿದರು.

ಇಲ್ಲ ಅನ್ನು, ಇಲ್ಲ ಅನ್ನು ಎಂದು ನಾಸಿರ ಹೊರಗೆ ಹಲ್ಲು ಕಡಿದ.

"ಹೌದ್ರಿ. ಹೋಗತೇನಿ."

ಅಧ್ಯಕ್ಷರು ಅವಳ ಅರ್ಜಿಯನ್ನು ಬದಿಗಿಟ್ಟರು. ಆಮೇಲೆ, ತಿಳಿಸುತ್ತೇವೆ ಅಂದರು. ಹಾಗೆಂದರೆ ಏನೆಂದು ಯಾರಿಗೆ ಗೊತ್ತಿಲ್ಲ?

ನಾಸಿರನ ನೆತ್ತಿ ಕಾಯಿತು. ಒಳಗೆ ಕುಳಿತವರಲ್ಲಿ ಒಬ್ಬನಾದರೂ ಇನ್ನೊಬ್ಬರ ಹೇಲು ಬಳಿದು ತೊಳೆದಿದ್ದಾನೆಯೇ? ನುಗ್ಗಲು ಹೋದವನ ತೋಳನ್ನು ಹೊರಬಂದ ಮೆಹೆರಾಜ ಹಿಡಿದಳು. ಅವಳ ಮುಖದಲ್ಲಿ ಸೋತ ಕಳೆಯೇ ಇಲ್ಲ. ಇಂಗ್ಲಿಷ್ ಅಂದರೆ ಜಾರಿಕೊಳ್ಳುವವರ ಭಾಷೆ ಅಂದುಕೊಂಡಿದ್ದವನು, ಆ ಭಾಷೆಯಲ್ಲಿ ಇಷ್ಟು ನೆಟ್ಟಗೆ ನಿಂತವರನ್ನು ಇವತ್ತೇ ನೋಡಿದ್ದು.

ಬೈಲಹೊಂಗಲದ ಸಾಲಿಯೊಂದರಲ್ಲೂ ಜಾಗ ಖಾಲಿ ಐತಿ, ಇಂಟರ್‌ವ್ಯೂಕ್ಕ ಮೂರು ಗಂಟೆಗೆ ಮುಟ್ಟಬೇಕು ಅಂದಳು.

"ಅಲ್ಲೂ ಇದನ್ನಽ ಹೇಳಾಕಿ ಏನ, ಆಪಾ?"

"ಇದನ್ನಽ."

ನಾಸಿರ ಯಾರಿಗೋ ಬಾಯಿಗೆ ಬಂದಂತೆ ಬೈಯುತ್ತ ಬೈಲಹೊಂಗಲದ ಕಡೆಗೆ ಗಾಡಿ ತಿರುಗಿಸಿದ.