ನೆಲಕ್ಕೂ ಮಾರ್ಜಿನ್

ಕುರ್ಚಿ ಮನೆಗೆ ಬಂದ ದಿನ ಅತ್ತೆ ಅದರ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಕೂರಿಸಿದರು. ಮರುದಿನ ಅರ್ಧ ಹೊಲಿದ ಕೋಟು ಕೂತಿತು. ಆಮೇಲೆ ಬೆಕ್ಕು. ಅತ್ತೆಯೊಬ್ಬರನ್ನು ಬಿಟ್ಟು ಮನೆಯ ಸಕಲ ಚರಾಚರಗಳೂ ಆ ಕುರ್ಚಿಯ ಮೇಲೆ ಕೂತು ಎದ್ದವು.

ಅದನ್ನು ತಂದವನು ಅವರ ಮಗ. ಬೀದಿಯವರ ಬಾಯಲ್ಲಿ ಅವನು ಇಂಚಪ್ಪ. ಮನೆಯ ಮುಂದಿನ ಕೋಣೆಯೇ ಅವನ ಹೊಲಿಗೆ ಅಂಗಡಿ. ಗಿರಾಕಿ ಬಾಗಿಲಲ್ಲಿ ನಿಂತರೆ ಅವನ ಕಣ್ಣು ಮೊದಲು ಹೋಗುವುದು ಭುಜಕ್ಕೆ, ಆಮೇಲೆ ಸೊಂಟಕ್ಕೆ, ತೀರ ಕೊನೆಗೆ ಮುಖಕ್ಕೆ. ಅವನು ಕತ್ತರಿಸಿದ ಬಟ್ಟೆ ಬಿಗಿಯಾಯಿತು ಎಂದು ಈವರೆಗೆ ಯಾರೂ ವಾಪಸು ತಂದಿರಲಿಲ್ಲ. ಈ ಮಾತನ್ನು ಜನ ಹೇಳುವ ಮೊದಲು ಅವನೇ ಹೇಳಿಬಿಡುತ್ತಿದ್ದ.

ಕತ್ತರಿ ಮತ್ತು ಮಿಷನ್ನು ಇಂಚಪ್ಪನದು. ಕಾಜಾ, ಗುಂಡಿ, ಪ್ಯಾಂಟಿನ ತುದಿ ಮಡಿಸುವುದು, ಹೀಗೆ ಕೈಹೊಲಿಗೆಯೆಲ್ಲ ಅತ್ತೆಯದು. ಕಿಟಕಿಯ ಕೆಳಗೆ ನೆಲದ ಮೇಲೆ ಕಾಲು ಚಾಚಿ ಕೂತು, ಬಟ್ಟೆಯ ಒಂದು ತುದಿಯನ್ನು ಬಲಗಾಲಿನ ಹೆಬ್ಬೆರಳಿನ ಸಂದಿಯಲ್ಲಿ ಕಚ್ಚಿಸಿ, ಎಡಗೈಯಲ್ಲಿ ಎಳೆದು ಹಿಡಿದು, ಬಲಗೈಯಲ್ಲಿ ಸೂಜಿ ಓಡಿಸುವರು. ಬಟ್ಟೆ ಬಿಗಿದ ತಂತಿಯಂತೆ ನಿಲ್ಲುತ್ತಿತ್ತು. ಹೊಲಿಗೆ ಇರುವೆಯ ಸಾಲಿನಂತೆ ನಡೆಯುತ್ತಿತ್ತು. "ನನಗೆ ಮೂರು ಕೈ. ಒಂದು ಮಾತ್ರ ದಾರಿ ತಪ್ಪಿ ಕಾಲಿನಲ್ಲಿ ಮೊಳೆತಿದೆ" ಎನ್ನುವರು. ಕುರ್ಚಿ ಹತ್ತಿದರೆ ಆ ಮೂರನೆಯ ಕೈ ಗಾಳಿಯಲ್ಲಿ ನೇತಾಡಬೇಕಿತ್ತು. ಇರುವೆ ಸಾಲು ಚದುರಿಹೋಗುತ್ತಿತ್ತು.

ಇದು ಸೊಸೆಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ಮಾತು ಕಡಿಮೆಯ ಹೆಣ್ಣು. ಗಿರಾಕಿ ಬಂದರೆ ಬಟ್ಟೆಯ ಕಪಾಟಿನ ಮರೆಗೆ ಸರಿಯುವಳು. ಯಾರಾದರೂ ಹೆಸರು ಕೇಳಿದರೆ ಗಂಡನ ಮುಖ ನೋಡುವಳು. ಅತ್ತೆಯ ಪಕ್ಕದಲ್ಲಿ ಕೂತು ಕಾಜಾ ಕಲಿಯುವಾಗ ಮಾತ್ರ ಅವಳ ನಾಲಿಗೆಯ ಗಂಟು ಬಿಚ್ಚುತ್ತಿತ್ತು. ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುವ ಗಿರಾಕಿಗಳನ್ನೆಲ್ಲ ಅವಳು ಅಲ್ಲಿ ಒಬ್ಬೊಬ್ಬರನ್ನಾಗಿ ಅನುಕರಿಸಿ ತೋರಿಸುವಳು. ಅತ್ತೆ ನಕ್ಕೂ ನಕ್ಕೂ ಬೆರಳಿಗೆ ಸೂಜಿ ಚುಚ್ಚಿಕೊಳ್ಳುವರು. ಅತ್ತೆ ಆ ಮೂಲೆಯಿಂದ ಎದ್ದರೆ ಆ ಮಾತೂ ಎದ್ದುಹೋಗುತ್ತದೆ ಎಂಬುದನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಆದರೆ ಚಳಿಗಾಲದಲ್ಲಿ ಕಲ್ಲಿನ ನೆಲ ಮಂಜಿನ ಗಡ್ಡೆ. ಕೆಳಗೆ ಚಾಪೆ, ಚಾಪೆಯ ಮೇಲೆ ಕಂಬಳಿ, ಕಂಬಳಿಯ ಮೇಲೆ ದಿಂಬು ಹಾಕಿದರೂ ಅತ್ತೆಯ ಮಂಡಿ ಹಳೆಯ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ತಣ್ಣನೆಯ ನೆಲ ಬಿಡಿ, ಇಲ್ಲದಿದ್ದರೆ ನಡೆಯುವುದನ್ನು ಬಿಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು.

"ಕುರ್ಚಿ ಮೇಲೆ ಕೂತ್ಕೋಮ್ಮ. ಅಲ್ಲಿ ಹೊಲಿಯೋಕೆ ಆಗಲ್ವಾ, ಕೆಲಸ ಬಿಟ್ಬಿಡು. ಎಷ್ಟು ವರ್ಷದಿಂದ ಮಾಡ್ತಿದೀಯ!" ಎಂದ ಇಂಚಪ್ಪ.

"ಉಸಿರಾಡೋದನ್ನೂ ತುಂಬ ವರ್ಷದಿಂದ ಮಾಡ್ತಿದೀನಿ. ಅದನ್ನೂ ಬಿಡ್ಲೇನೋ?"

ಈ ಜಗಳದ ನಡುವೆ ಜಾಕೀಟಿನ ಜಿಪ್ಪು ಹಾಕಿಸಲು ಬಂದವಳು ಕರೆಂಟಕ್ಕ. ಆ ಬೀದಿಯ ಮನೆಗಳಿಗೆಲ್ಲ ವೈರಿಂಗ್ ಮಾಡಿದವಳು ಅವಳೇ. ಜೇಬಿನಲ್ಲಿ ಸ್ಕ್ರೂಡ್ರೈವರ್, ಕಿವಿಯ ಮೇಲೆ ಪೆನ್ಸಿಲ್, ಬಾಯಲ್ಲಿ ಸದಾ ಒಂದು ಗದರಿಕೆ.

"ಕುರ್ಚಿ ಯಾಕೆ? ನೆಲಾನೇ ಬೆಚ್ಚಗೆ ಮಾಡೋಣ" ಎಂದಳು. "ಬಿಸಿ ತಂತಿಯ ಹಾಸು ಬರುತ್ತೆ. ಕೆಳಗೆ ಅದನ್ನ ಹಾಸಿ, ಮೇಲೆ ಗಾರೆ, ಟೈಲ್ಸು. ಗೋಡೆ ಮೇಲೊಂದು ಗುಂಡಿ. ತಿರುಗಿಸಿದ್ರೆ ಆಯ್ತು."

ಇಂಚಪ್ಪ ತಾಯಿಯ ಕಡೆ ಬೆರಳು ತೋರಿಸಿದ. "ನೆಲ ಬೆಚ್ಚಗಾಯ್ತು, ನೀನು ನೆಲದ ಮೇಲೆ. ಆಗ್ಲಿಲ್ಲ, ಕಮಕ್ ಕಿಮಕ್ ಅನ್ನದೆ ಕುರ್ಚಿ. ಒಪ್ಪಿಗೇನಾ?"

"ಒಪ್ಪಿದೆ" ಎಂದರು ಅತ್ತೆ. ಸೊಸೆಯ ಸೂಜಿ ನಿಂತುಹೋಯಿತು.

ಕೋಣೆ ಅಳೆಯಲು ಕರೆಂಟಕ್ಕ ಟೇಪು ತೆಗೆದಳು. ಇಂಚಪ್ಪನಿಗೆ ಮೈಯೆಲ್ಲ ಉರಿಯಿತು. "ನನ್ನ ಅಂಗಡಿಗೆ ಬಂದು ನೀನು ಟೇಪು ಬಿಚ್ತೀಯಾ? ಮೀನಿಗೆ ಈಜು ಕಲಿಸ್ತೀಯಾ?"

"ಆಯ್ತು ಮಾರಾಯಾ, ನೀನೇ ಅಳೆದು ಹೇಳು. ಕಪಾಟಿನ ಜಾಗ ಕಳೆದು ಹೇಳು. ಹಾಸು ಒಂದ್ಸಲ ಬಂದ್ಮೇಲೆ ಬಂತು, ಅಂಗಡಿಯವನು ವಾಪಸು ತಗೊಳಲ್ಲ."

ಅಳೆಯುವಾಗ ಟೇಪಿನ ಒಂದು ತುದಿ ಹಿಡಿದವಳು ಸೊಸೆ. ಗೋಡೆಯಿಂದ ಗೋಡೆಗೆ ಅಳೆದ, ಕಿಟಕಿಯಿಂದ ಟ್ರಯಲ್ ರೂಮಿನ ಪರದೆಯವರೆಗೆ ಅಳೆದ. ಪ್ರತಿ ಅಳತೆ ಹೇಳಿದ ಮೇಲೂ ಕತ್ತು ಒಂದಿಷ್ಟು ವಾಲಿಸಿ, "ಮತ್ತೆ ಮಾರ್ಜಿನ್ನು..." ಎಂದು ಗೊಣಗಿ, ಅಂಕಿಯನ್ನು ಒಂದು ಮೆಟ್ಟಿಲು ಮೇಲಕ್ಕೆ ಹತ್ತಿಸಿದ. ಇದೇನು ಎಂದು ಕೇಳಬೇಕೆನಿಸಿತು ಅವಳಿಗೆ. ಆದರೆ ಅಳತೆಯ ವಿಷಯದಲ್ಲಿ ಅವನನ್ನು ಕೇಳುವುದೆಂದರೆ ಸೂರ್ಯನಿಗೆ ಪೂರ್ವ ದಿಕ್ಕು ಯಾವುದು ಎಂದು ಕೇಳಿದ ಹಾಗೆ.

ಹಾಸು ಬಂತು. ತೆಳ್ಳಗಿನ ಬಲೆ, ಅದರ ಮೇಲೆ ಹಾವಿನಂತೆ ಅತ್ತಿತ್ತ ಹೊರಳುತ್ತಾ ಹೋದ ಒಂದೇ ಒಂದು ಉದ್ದನೆಯ ತಂತಿ. ಬಿಸಿ ಕೆಳಕ್ಕೆ ಇಳಿಯದಿರಲಿ ಎಂದು ಹಳೆಯ ನೆಲದ ಮೇಲೆ ತೆಳು ಹಲಗೆಗಳನ್ನು ಆಗಲೇ ಅಂಟಿಸಿಯಾಗಿತ್ತು. ಕರೆಂಟಕ್ಕ ಮೀಟರು ಹಿಡಿದು ತಂತಿಯನ್ನು ಪರೀಕ್ಷಿಸಿದಳು. ಬಳಿಕ ತಂತಿಯ ತುದಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ ಸಿಕ್ಕಿಸಿದಳು.

"ಇದು ಕಾವಲುಗಾರ. ಕೆಲಸ ಮಾಡುವಾಗ ತಂತಿ ಎಲ್ಲಾದ್ರೂ ತುಂಡಾಯ್ತೋ, ಕಿರುಚುತ್ತೆ. ಕೇಳಿಸ್ಕೊಳ್ಳಿ: ಬಲೆ ಕತ್ತರಿಸಬಹುದು, ಹಾಸನ್ನ ತಿರುಗಿಸಬಹುದು. ತಂತಿಗೆ ಕತ್ತರಿ ತಾಗಬಾರದು. ತಾಗಿದ್ರೆ ಇಡೀ ಹಾಸು ಸತ್ತ ಹಾಗೆ. ತಂತಿ ಮೇಲೆ ತಂತಿ ಬರಬಾರದು. ಕಪಾಟಿನ ಕೆಳಗೂ ಹೋಗಬಾರದು, ಬಿಸಿಗೆ ಹೊರಗೆ ಬರೋಕೆ ದಾರಿ ಇಲ್ಲದೆ ಅಲ್ಲೇ ಬೇಯುತ್ತೆ. ನಾನು ಗೋಡೆಯ ಸ್ವಿಚ್ಚು ತರ್ತೀನಿ. ಅಷ್ಟರಲ್ಲಿ ಮೆಲ್ಲಗೆ ಬಿಡಿಸಿ ಹಾಸಿಡಿ. ಬರೀ ಹಾಸಿಡಿ. ಅಂಟಿಸಬೇಡಿ."

ಅವಳು ಹೋದಳು. ಇಂಚಪ್ಪ ಹಾಸಿದ. ಕಿಟಕಿಯಿಂದ ಶುರುಮಾಡಿ, ಬಾಗಿಲ ತನಕ ಹೋಗಿ, ತಿರುಗಿ ಬಂದು, ಮತ್ತೆ ಹೋಗಿ, ಕಪಾಟನ್ನು ಬಳಸಿ, ಪರದೆ ಮುಟ್ಟಿದ. ಕೋಣೆ ಮುಗಿಯಿತು. ಹಾಸು ಮುಗಿಯಲಿಲ್ಲ. ಅವನ ಕೈಯಲ್ಲಿ ಇನ್ನೂ ದಪ್ಪನೆಯ ಒಂದು ಸುರುಳಿ ಉಳಿದಿತ್ತು.

"ಗೋಡೆ ಸೊಟ್ಟಗಿದೆ" ಎಂದ.

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ" ಎಂದರು ಅತ್ತೆ ಬಾಗಿಲ ಹೊಸಿಲಿನಿಂದ. "ಅಳೀಲಾರದವನು ಗೋಡೆ ಸೊಟ್ಟ ಅಂದ."

"ಅಮ್ಮಾ, ನಾನು ಅಳತೆ ತಪ್ಪಿದ್ದು ಯಾವತ್ತಾದ್ರೂ ನೋಡಿದೀಯಾ?"

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇಲ್ಲಿ ಹಾಸೇ ಕಾಲು ಚಾಚ್ಕೊಂಡು ಬಿದ್ದಿದೆಯಲ್ಲೋ."

ಇಂಚಪ್ಪ ಮೊದಲು ಸುರುಳಿಯನ್ನು ಮಡಿಸಿ ನೋಡಿದ. ತಂತಿಯ ಮೇಲೆ ತಂತಿ ಬಂತು. ಕಪಾಟಿನ ಬುಡಕ್ಕೆ ತುರುಕಲು ಹೋಗಿ ಕರೆಂಟಕ್ಕನ ಮುಖ ನೆನಪಾಗಿ ನಿಲ್ಲಿಸಿದ. ಹಣೆ ಒರೆಸಿಕೊಂಡ. ಆಮೇಲೆ ಅವನ ಕೈ ತಾನಾಗಿ ಮೇಜಿನತ್ತ ಹೋಯಿತು. ಉಳಿದ ಬಟ್ಟೆ ಎಂದರೆ ಆ ಕೈಗೆ ಗೊತ್ತಿದ್ದುದು ಒಂದೇ ಕೆಲಸ. ದೊಡ್ಡ ಕತ್ತರಿ ಹಿಡಿದು ಬಂದು ಮಂಡಿಯೂರಿದ.

"ತುದಿಯಲ್ಲಿ ಒಂಚೂರು ತೆಗೆದ್ರೆ ಏನಾಗುತ್ತೆ? ಇಷ್ಟುದ್ದ ತಂತಿಗೆ ಗೊತ್ತೂ ಆಗಲ್ಲ."

ಸೊಸೆ ಕಪಾಟಿನ ಮರೆಯಲ್ಲಿದ್ದಳು. ಕತ್ತರಿಯ ಬಾಯಿ ತೆರೆಯಿತು. ಅದರ ಎರಡು ಅಲಗುಗಳ ನಡುವೆ ಅವಳಿಗೆ ಕಂಡದ್ದು ತಂತಿಯಲ್ಲ, ಕುರ್ಚಿಯ ಮೇಲೆ ಕೈಕಟ್ಟಿ ಕೂತ ಅತ್ತೆ.

"ರೀ! ಕತ್ತರಿ ಕೆಳಗಿಡಿ!"

ಆ ದನಿ ತನ್ನದು ಎಂದು ಅವಳಿಗೇ ನಂಬಿಕೆ ಬರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು ಒಳಗೆ ಇಣುಕಿದರು. ಅವಳು ನೆಗೆದು ಬಂದ ರಭಸಕ್ಕೆ ಕಾಲು ಡಬ್ಬಿಗೆ ತಾಗಿತು. ಡಬ್ಬಿ ಕೀ ಎಂದು ಕಿರುಚಿತು. ಇಂಚಪ್ಪ ಹಾವು ಹಿಡಿದವನಂತೆ ಕತ್ತರಿಯನ್ನು ಎಸೆದ. ಅದು ಕುರ್ಚಿಯ ಮೇಲೆ ಹೋಗಿ ಬಿತ್ತು.

"ನಾನು ಕತ್ತರಿಸ್ಲಿಲ್ಲ! ಅಮ್ಮನಾಣೆ, ಮುಟ್ಟೂ ಇಲ್ಲ!"

"ಆಣೆಗೆ ನಾನೇ ಬೇಕಿತ್ತಾ?" ಎಂದರು ಅತ್ತೆ.

ಸೊಸೆ ಬಗ್ಗಿ ನೋಡಿದಳು. ತಂತಿ ನೆಟ್ಟಗಿತ್ತು. ಡಬ್ಬಿಯ ಕ್ಲಿಪ್ಪು ಕಳಚಿಕೊಂಡಿತ್ತು. ಮತ್ತೆ ಸಿಕ್ಕಿಸಿದಾಗ ಕಿರುಚಾಟ ನಿಂತಿತು. ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ, ಆರಂಭಿಸಿದ ಮಾತನ್ನು ಮುಗಿಸದೆ ಅವಳಿಗೆ ಬೇರೆ ದಾರಿಯೇ ಉಳಿಯಲಿಲ್ಲ.

"ನೀವು ಮಾರ್ಜಿನ್ ಸೇರಿಸಿದ್ರಿ" ಎಂದಳು, ನೆಲ ನೋಡುತ್ತ. "ನಾಲ್ಕೂ ಕಡೆ. ಟೇಪಿನ ಈ ತುದಿ ನಾನೇ ಹಿಡ್ಕೊಂಡಿದ್ದೆ."

ಇಂಚಪ್ಪ ಎದ್ದು ನಿಂತ. "ಮಾರ್ಜಿನ್ ಬಿಡದೆ ಯಾರಾದ್ರೂ ಅಳತೆ ತಗೋತಾರೇನೇ? ನಾಳೆ ಬಿಗಿಯಾದ್ರೆ ಬಿಚ್ಚಿ ಸಡಿಲ ಮಾಡೋಕೆ ಬೇಡ್ವಾ?"

"ಏನನ್ನ? ನೆಲಾನಾ?" ಅತ್ತೆ ಹೊಸಿಲಿನ ಮೇಲೆ ಕುಸಿದು ಕೂತರು. "ನೆಲ ಏನು ಶಾಲೆಗೆ ಹೋಗೋ ಮಗುವೇನೋ, ವರ್ಷ ವರ್ಷ ಬೆಳೆಯೋಕೆ? ಅಯ್ಯೋ, ನನ್ನ ಪಕ್ಕೆ! ನೆಲಕ್ಕೆ ಮಾರ್ಜಿನ್ ಬಿಟ್ಟ ಗಂಡು! ಇನ್ನು ಕಾಲರೊಂದು ಇಟ್ಬಿಡು!"

ಅವರ ನಗು ಸೊಸೆಗೆ ಅಂಟಿತು. ಕೊನೆಗೆ, ಮುಖ ಕೆಂಪಗಾಗಿ ನಿಂತ ಇಂಚಪ್ಪನ ಮೀಸೆಯೂ ಒಂದು ಕಡೆ ಅಲುಗಿತು. ಆದರೆ ಸುರುಳಿ ಮಾತ್ರ ನಗದೆ ಅಲ್ಲೇ ಬಿದ್ದಿತ್ತು.

"ಸರಿ, ಮಹಾರಾಯ್ತಿ. ಇಷ್ಟು ಹೇಳಿದವಳು ಮುಂದಿನದನ್ನೂ ಹೇಳು. ಇದನ್ನ ಎಲ್ಲಿಡ್ಲಿ, ತಲೆ ಮೇಲಾ?"

ಸೊಸೆ ಹಳೆಯ ಲೈನಿಂಗ್ ಬಟ್ಟೆಯ ಥಾನು ಎಳೆದು ತಂದಳು. ಹಾಸಿನಷ್ಟೇ ಅಗಲ, ಹಾಸಿನಷ್ಟೇ ಉದ್ದ ಕತ್ತರಿಸಿದಳು. ಬೆಲೆಬಾಳುವ ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಗ್ಗದ ಬಟ್ಟೆಯಲ್ಲಿ ಹೊಲಿದು ನೋಡುವುದು ಆ ಅಂಗಡಿಯ ಪದ್ಧತಿ. ನೆಲಕ್ಕೆ ಹಾಗೆ ಮಾಡಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಹಾಸನ್ನು ಸುತ್ತಿ ಪಕ್ಕಕ್ಕಿಟ್ಟು, ಬಟ್ಟೆಯನ್ನು ನೆಲದ ಮೇಲೆ ಹಾಸಿದಳು. ತಿರುಗಬೇಕಾದ ಕಡೆ ಕತ್ತರಿಸಿದಳು, ತಂತಿ ಬರುವ ಅಂಚನ್ನು ಬಿಟ್ಟು. ತಪ್ಪಾಯಿತು, ಬೇರೆ ತುಂಡು ಸೇರಿಸಿದಳು. ಬಟ್ಟೆಗೇನು, ಅದು ಕಿರುಚುವುದಿಲ್ಲ. ಇಂಚಪ್ಪನೂ ಸುಮ್ಮನಿರಲಾರದೆ ಮೊಣಕಾಲೂರಿ, "ಇಲ್ಲಿ ಹೀಗೆ ತಿರುಗಿಸು, ಎಳೆ ನೇರ ಬರುತ್ತೆ" ಎನ್ನತೊಡಗಿದ. ಇಬ್ಬರೂ ಪರದೆಯ ತನಕ ಬಂದರು. ಸೊಸೆ ಪರದೆಯನ್ನು ಸರ್ರನೆ ಸರಿಸಿದಳು.

ಟ್ರಯಲ್ ರೂಮು. ಒಂದು ಕನ್ನಡಿ, ಒಂದು ಗೂಟ, ಅದೇ ನೆಲ. ಪರದೆ ಇದೆ ಎಂದು ಅವನು ಅದನ್ನು ಅಳೆದೇ ಇರಲಿಲ್ಲ. ಉಳಿದ ಬಟ್ಟೆ ಒಳಗೆ ಹೋಗಿ, ಒಂದು ಸುತ್ತು ತಿರುಗಿ, ಕನ್ನಡಿಯ ಬುಡದಲ್ಲಿ ನಿಂತಿತು.

ಕರೆಂಟಕ್ಕ ಬಂದಾಗ ಕೋಣೆಯ ತುಂಬ ಬಟ್ಟೆ, ಬಟ್ಟೆಯ ಅಂಚಿಗೆಲ್ಲ ಚಾಕ್‌ಪೀಸಿನ ಗೆರೆ.

"ತಂತಿ ಮುಟ್ಟಿದ್ರಾ?"

"ಮುಟ್ಟಿಲ್ಲ" ಎಂದ ಇಂಚಪ್ಪ. "ಆದ್ರೆ ನೆಲಕ್ಕೆ ಸ್ವಲ್ಪ ಮಾರ್ಜಿನ್ ಬಿಟ್ಟಿದ್ದೆ."

ಕರೆಂಟಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಗೆರೆಗಳನ್ನು ನೋಡಿದಳು, ಮೀಟರಿಟ್ಟು ತಂತಿಯನ್ನು ಮತ್ತೆ ಪರೀಕ್ಷಿಸಿದಳು. ಮುಳ್ಳು ಮೊದಲಿನ ಜಾಗದಲ್ಲೇ ನಿಂತಿತು. "ತಂಗೀ, ಬಟ್ಟೆ ತೆಗಿ. ಈ ಗೆರೆ ಮೇಲೇ ಹಾಸೋಣ" ಎಂದಳು. ಎರಡು ಸಾಲು ತಂತಿಯ ನಡುವೆ ಸಣ್ಣ ಕೊಳವೆಯಲ್ಲಿ ಬಿಸಿ ಅಳೆಯುವ ಕಡ್ಡಿಯನ್ನು ಇಟ್ಟಳು. ಹಾಸಿಗೆಂದೇ ಬೇರೆ ಲೈನು ಎಳೆದು, ಕರೆಂಟು ಒಂದಿಷ್ಟು ಸೋರಿದರೂ ತಟ್ಟನೆ ಕೆಳಗೆ ಬೀಳುವ ಸ್ವಿಚ್ಚು ಕೂರಿಸಿದಳು. ಗಾರೆ ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ, ಟೈಲ್ಸು ಕೂತ ಮೇಲೊಮ್ಮೆ ಮೀಟರಿಟ್ಟಳು. ಹೋಗುವಾಗ ಗದರಿದಳು: "ಗಾರೆ ಪೂರ್ತಿ ಒಣಗೋ ತನಕ ಗುಂಡಿ ಮುಟ್ಟಬೇಡಿ, ಹಸಿ ಗಾರೆ ಬಿರಿಯುತ್ತೆ. ಅಮ್ಮಾ, ಇನ್ನು ಆ ಚಾಪೆ, ಕಂಬಳಿ, ದಿಂಬಿನ ಸಂಸಾರ ನೆಲದ ಮೇಲೆ ಬೇಡ. ಬಟ್ಟೆ ರಾಶೀನೂ ಬೇಡ. ಬಿಸಿಗೆ ಉಸಿರು ಕಟ್ಟುತ್ತೆ."

ಕಾಯುವುದೆಂದರೆ ಇಂಚಪ್ಪನಿಗೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಗುಂಡಿಯ ಹತ್ತಿರ ಹೋಗಿ ಸುಮ್ಮನೆ ನಿಂತು ಬರುವನು. ಅತ್ತೆ ಒಳಕೋಣೆಯಿಂದಲೇ, "ಕೈ!" ಎಂದು ಕೂಗುವರು. ಆ ದಿನಗಳಲ್ಲಿ ಕೈಹೊಲಿಗೆಯ ಬಟ್ಟೆ ಕುರ್ಚಿಯ ಮೇಲೆ ಗುಡ್ಡವಾಗಿ ಬೆಳೆಯಿತು.

ಕೊನೆಗೆ ಕರೆಂಟಕ್ಕ ಬಂದು ತಾನೇ ಗುಂಡಿ ತಿರುಗಿಸಿದಳು. ನಾಲ್ವರೂ ಬರಿಗಾಲಲ್ಲಿ ನಿಂತರು. ಏನೂ ಆಗಲಿಲ್ಲ.

"ತಣ್ಣಗಿದೆ" ಎಂದ ಇಂಚಪ್ಪ.

"ಈಗ ತಾನೇ ಹಾಕಿದ್ದು. ಇದೇನು ಬಾಣಲೆಯಾ?"

"ಇನ್ನೂ ತಣ್ಣಗಿದೆ."

ಸೊಸೆಯ ಕಣ್ಣು ಅತ್ತೆಯ ಪಾದಗಳ ಮೇಲಿತ್ತು. ಚಳಿಗೆ ಒಳಕ್ಕೆ ಸುರುಟಿಕೊಂಡಿದ್ದ ಬೆರಳುಗಳು ಮೊದಲು ಒಂದು, ಆಮೇಲೆ ಇನ್ನೊಂದು, ಬೆಕ್ಕಿನ ಮರಿಯಂತೆ ಮೈಮುರಿದು ಬಿಚ್ಚಿಕೊಂಡವು. ಅತ್ತೆ ಯಾರನ್ನೂ ಕೇಳದೆ ಕಿಟಕಿಯ ಕೆಳಗೆ ಹೋಗಿ, ಬರಿಯ ನೆಲದ ಮೇಲೆ ಕಾಲು ಚಾಚಿ ಕೂತು, ಅಂಗೈಯಿಂದ ಟೈಲ್ಸು ಸವರಿದರು.

"ಸೂಜಿ ಕೊಡೇ" ಎಂದರು.

ಮರುದಿನ ಬೇಕರಿಯ ಮಾವ ಹೊಸ ಪ್ಯಾಂಟು ಹಾಕಿ ನೋಡಲು ಬಂದರು. ಕಾಲು ಉದ್ದವಾಯಿತೆಂದು ಅದನ್ನು ಬಿಚ್ಚಿ, ಗುಂಡಿ ಕಿತ್ತ ಹಳೆಯದನ್ನೂ ಸೇರಿಸಿ, ಪರದೆಯ ಮೇಲಿನಿಂದ ಕೊಟ್ಟರು. ಅತ್ತೆ ಹೊಸದರ ತುದಿ ಮಡಿಸತೊಡಗಿದರು. ಪಕ್ಕದಲ್ಲಿ ಸೊಸೆ ಇನ್ನೊಂದು ಕಾಲಿನದು. ಹೊರಗೆ ಗಿರಾಕಿಗಳು ಸಾಲುಗಟ್ಟಿದ್ದರು. ಪರದೆಯ ಒಳಗಿನಿಂದ ಸಣ್ಣಗೆ ಹಾಡು ಕೇಳುತ್ತಿತ್ತು.

"ಮಾವಾ, ಬೇರೆಯವರೂ ಹಾಕಿ ನೋಡ್ಬೇಕು, ಬೇಗ ಬನ್ನಿ" ಎಂದು ಇಂಚಪ್ಪ ಕೂಗಿದ.

"ಬೆಚ್ಚಗಿದೆಯಪ್ಪಾ! ನಮ್ಮ ಒಲೆ ಮುಂದೆ ನಿಂತ ಹಾಗಿದೆ. ಅವರಿಗೆ ನಾಳೆ ಬರೋಕೆ ಹೇಳು!"

ಸೊಸೆ ಆ ದನಿಯನ್ನು ಹಾಗೇ ಅನುಕರಿಸಿ, "ನಾಳೆ ಬರೋಕೆ ಹೇಳು!" ಎಂದಳು, ಗಿರಾಕಿಗಳೆಲ್ಲರ ಎದುರಿಗೇ. ಹೊರಗಿನ ಸಾಲು ಗೊಳ್ಳೆಂದು ನಕ್ಕಿತು.

"ಇರ್ಲಿ ಬಿಡೋ" ಎಂದರು ಅತ್ತೆ, ದಾರ ಹಲ್ಲಿನಲ್ಲಿ ಕಚ್ಚಿ ಕತ್ತರಿಸುತ್ತ. "ಎಲ್ಲಿಗೆ ಹೋಗ್ತಾರೆ? ಪ್ಯಾಂಟು ಎರಡೂ ನನ್ನ ಹತ್ರ ಇವೆ."