ಹನ್ನೆರಡನೆಯ ನಕಲು

ಅತ್ತಿಗೆ ಮೆಟ್ಟಿಲು ಹತ್ತಿ ಬಂದಾಗ ಅವಳ ಬಟ್ಟೆಯ ತುಂಬ ಅಣ್ಣನ ರಕ್ತವಿತ್ತು. ಕೈಯಲ್ಲಿ ದಪ್ಪ ಸ್ಪ್ಯಾನರ್.

"ಹನ್ನೊಂದು ಕಡೆ ಸರಿ ಮಾಡಿದ್ದೆಯಂತೆ. ನಿಮ್ಮಣ್ಣ ನಿಲ್ಲೋ ಯಂತ್ರ ಒಂದೇ ನಿನ್ನ ಕಣ್ಣಿಗೆ ಬೀಳಲಿಲ್ವೇನೋ?"

ಮೊದಲ ಏಟು ತಮ್ಮನ ಭುಜಕ್ಕೆ ಬಿತ್ತು, ಎರಡನೆಯದು ದವಡೆಗೆ. ಹಲ್ಲೊಂದು ಕೀಬೋರ್ಡಿನ ಮೇಲೆ ಉದುರಿತು. ಅವನು ಕೈ ಅಡ್ಡ ಹಿಡಿಯಲಿಲ್ಲ.

ಅದು ತಗಡು ಒತ್ತುವ ಪ್ರೆಸ್‌ಗಳನ್ನು ತಯಾರಿಸುವ ಕಾರ್ಖಾನೆ. ಕೆಳಗೆ ಅಣ್ಣ ಅವನ್ನು ಪರೀಕ್ಷಿಸುತ್ತಿದ್ದ, ಅತ್ತಿಗೆ ಪ್ಯಾಕಿಂಗ್‌ನಲ್ಲಿದ್ದಳು. ಮೇಲೆ ತಮ್ಮ ಆ ಯಂತ್ರಗಳೊಳಗಿನ ತಂತ್ರಾಂಶದ ತಿರುಳಾದ ಕರ್ನಲ್ ಬರೆಯುತ್ತಿದ್ದ. ಹನ್ನೆರಡು ಬಗೆಯ ಪ್ರೆಸ್‌ಗೆ ಅವನ್ನು ನಡೆಸುವ ಹನ್ನೆರಡು ಡ್ರೈವರ್ ಪ್ರೋಗ್ರಾಮು. ಸ್ವಿಚ್ ಹಾಕಿದೊಡನೆ ನಡೆಯಬೇಕಾದ ಅದೇ ನಲವತ್ತು ಸಾಲು ಕೋಡ್ ಹನ್ನೆರಡರಲ್ಲೂ ನಕಲಾಗಿ ಕೂತಿತ್ತು. ಪ್ರೆಸ್ಸನ್ನು ಮೇಲೆ ಹಿಡಿದಿಡುವ ಬ್ರೇಕ್ ಕಚ್ಚುವ ಮೊದಲೇ ಮೋಟರಿಗೆ ಕರೆಂಟ್ ಹೋಗುತ್ತಿದೆ ಎಂದು ಹಿಂದಿನ ತಿಂಗಳು ಗೊತ್ತಾಗಿತ್ತು.

"ಎಲ್ಲಾ ಕಿತ್ತು ಒಂದೇ ಕಡೆ ಬರೀತೀನಿ ಸಾರ್," ಎಂದಿದ್ದ ತಮ್ಮ.

"ಓಡ್ತಿರೋದಕ್ಕೆ ಕೈ ಹಾಕ್ಬೇಡ. ಒಂದೊಂದನ್ನೇ ತಿದ್ದು, ಸಾಕು," ಎಂದಿದ್ದ ಮ್ಯಾನೇಜರ್.

ತಿದ್ದುತ್ತಾ ಹೋದವನು ಒಂದನ್ನು ಬಿಟ್ಟುಬಿಟ್ಟಿದ್ದ. ಈ ಬೆಳಿಗ್ಗೆ ಅಣ್ಣ ತಗಡು ಹೊಂದಿಸುತ್ತಿದ್ದಾಗ ಜೊತೆಗಾರ ಸ್ವಿಚ್ ಹಾಕಿದ. ಪ್ರೆಸ್ ಧೊಪ್ಪನೆ ಇಳಿದು ಬಲಗೈಯ ನಾಲ್ಕು ಬೆರಳು ಜಜ್ಜಿಹಾಕಿತು.

ಮ್ಯಾನೇಜರ್ ಓಡಿ ಬಂದು ಅತ್ತಿಗೆಯ ರಟ್ಟೆ ಹಿಡಿದೆಳೆದ. "ಅಲ್ಲಿ ಕೈ ಇಟ್ಟಿದ್ದು ನಿನ್ನ ಗಂಡನದೇ ತಪ್ಪಮ್ಮಾ."

ಅಷ್ಟು ಹೊತ್ತು ಮಿಸುಕಾಡದಿದ್ದ ತಮ್ಮ ಎದ್ದ. ಮ್ಯಾನೇಜರನ ಕಾಲರ್ ಹಿಡಿದು ಗೋಡೆಗೆ ಬಡಿದ, ಮೂಗು ಒಡೆಯುವವರೆಗೂ ಬಡಿದ.

"ಕೆಲಸದಿಂದ ಕಿತ್ತು ಹಾಕ್ತೀನಿ!"

"ಹಾಕಿ. ಇದು ಮುಗಿದ ಮೇಲೆ."

ಊದಿದ ದವಡೆಯಲ್ಲೇ ಕೂತು ಹನ್ನೆರಡು ನಕಲುಗಳನ್ನೂ ಅಳಿಸಿದ. ಮೊದಲು ಬ್ರೇಕ್, ಅದು ಕಚ್ಚಿದ್ದು ಖಾತ್ರಿಯಾದ ಮೇಲೆ ಕರೆಂಟ್: ಇಷ್ಟನ್ನು ಒಂದೇ ಕಡೆ ಬರೆದ. ಹನ್ನೆರಡು ಡ್ರೈವರ್‌ಗಳೂ ಅದನ್ನೇ ಕರೆಯುವಂತೆ ಮಾಡಿದ.

ಮೂರು ವಾರದ ನಂತರ, ಅಣ್ಣನ ಕೈ ಕಚ್ಚಿದ ಅದೇ ಪ್ರೆಸ್ಸಿನ ಮುಂದೆ ಪರೀಕ್ಷೆ. ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಅಣ್ಣನೂ ಬಂದಿದ್ದ. ಅತ್ತಿಗೆ ಎಲ್ಲರನ್ನೂ ತಳ್ಳಿಕೊಂಡು ಸ್ವಿಚ್ ಹತ್ತಿರ ನಿಂತು ತಮ್ಮನತ್ತ ತಿರುಗಿದಳು.

"ನಿನ್ನ ಕೈ ಇಡು."

"ಬೇಡ ಕಣೇ, ಹುಚ್ಚು ಹಿಡಿದಿದ್ಯಾ ನಿಂಗೆ?" ಅಣ್ಣ ಕೂಗಿದ.

ತಮ್ಮ ಪ್ರೆಸ್ಸಿನಡಿ ಬಲಗೈ ಇಟ್ಟ. ಅವಳು ಸ್ವಿಚ್ ಹಾಕಿದಳು. ಬ್ರೇಕ್ ಕಟಕ್ಕೆಂದು ಕಚ್ಚಿತು. ಪ್ರೆಸ್ ಕೂದಲೆಳೆಯಷ್ಟೂ ಇಳಿಯಲಿಲ್ಲ.

ಅವಳು ಅವನ ಕೈಯನ್ನು ಹೊರಗೆಳೆದು ಕೆನ್ನೆಗೆ ಫಟಾರನೆ ಬಾರಿಸಿದಳು. "ಇಡು ಅಂದ್ರೆ ಇಟ್ಟೇಬಿಡೋದೇನೋ, ಮಂಗ!" ಎಂದವಳು ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.

ಮಿಕ್ಕ ಹನ್ನೊಂದಕ್ಕೆ ಮರದ ತುಂಡು ಇಟ್ಟು ನೋಡಿದರು. ಸ್ವಿಚ್ ಹಾಕಿದವನು ಅಣ್ಣ, ಎಡಗೈಯಲ್ಲಿ.